“ಆ ಪುಸ್ತಕ ತೆಗೆಯಿರಿ” ಎಂದು ಜನ ಬಂದಾಗ ಗ್ರಂಥಾಲಯದವರು ಏನು ಮಾಡಬೇಕು?

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಕಳೆದ ವಾರ ಊರಿನ ಏಳೆಂಟು ಜನ ಬಂದು ಒಂದು ಕಾದಂಬರಿಯ ಎರಡು ಪುಟಗಳ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದರು. “ಇದು ನಮ್ಮ ಸಮುದಾಯಕ್ಕೆ ಅವಮಾನ, ಬ್ಯಾನ್ ಆಗಿರೋ ಪುಸ್ತಕ, ನಾಳೆಯೇ ತೆಗೀರಿ” ಎಂದು ಹೇಳಿ ಹೋದರು. ಅಧ್ಯಕ್ಷರು “ಸುಮ್ಮನೆ ಒಳಗಿಟ್ಟುಬಿಡಮ್ಮ” ಅನ್ನುತ್ತಿದ್ದಾರೆ. ಪಕ್ಕದ ಸರ್ಕಾರಿ ಪ್ರೌಢಶಾಲೆಯ ಮಕ್ಕಳೂ ಇಲ್ಲಿಂದ ಪುಸ್ತಕ ಒಯ್ಯುತ್ತಾರೆ. ಎಂಟನೇ ತರಗತಿಯ ಮಗಳು ಮನೆಗೆ ತಂದ ಇನ್ನೊಂದು ಪುಸ್ತಕದ ಬಗ್ಗೆ ಒಬ್ಬ ತಾಯಿಯೂ ದೂರು ಹೇಳಿದ್ದಾರೆ. ಪುಸ್ತಕ ಬ್ಯಾನ್ ಆಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಇಟ್ಟುಕೊಂಡರೆ ನನ್ನ ಮೇಲೆ ಕೇಸು ಬೀಳುತ್ತದೆಯೇ?

ಉತ್ತರ: ಮೊದಲು ಒಂದು ಮಾತು. ಬಾಯಿಮಾತಿನ ಮೇಲೆ ಯಾವ ಪುಸ್ತಕವನ್ನೂ ಕಪಾಟಿನಿಂದ ತೆಗೆಯಬೇಡಿ. ಹೇಳಿದವರು ಊರಿನ ಹಿರಿಯರಾಗಲಿ, ಅಧ್ಯಕ್ಷರಾಗಲಿ, ಠಾಣೆಯಿಂದ ಬಂದವರಾಗಲಿ. ನಮ್ಮಲ್ಲಿ ಕಾನೂನಿನ ಪ್ರಕಾರ ಮುಟ್ಟುಗೋಲಾದ ಪುಸ್ತಕಗಳಿಗಿಂತ ಹೀಗೆ “ಸುಮ್ಮನೆ ಒಳಗಿಟ್ಟು” ಓದುಗರಿಗೆ ಇಲ್ಲವಾದ ಪುಸ್ತಕಗಳೇ ಹೆಚ್ಚು. ಮುಟ್ಟುಗೋಲಾದ ಪುಸ್ತಕವನ್ನು ಹೈಕೋರ್ಟಿಗೆ ಹೋಗಿ ಬಿಡಿಸಿಕೊಳ್ಳಲು ದಾರಿ ಇದೆ. ಬೀರುವಿನಲ್ಲಿ ಬೀಗ ಬಿದ್ದ ಪುಸ್ತಕದ ಬಗ್ಗೆ ಪ್ರಶ್ನಿಸೋಣವೆಂದರೆ ಆದೇಶವೇ ಇರುವುದಿಲ್ಲ.

ಈಗ “ಬ್ಯಾನ್” ಎಂಬ ಮಾತಿಗೆ ಬರೋಣ. ಊರಿನವರು ಬಳಸುವ ಈ ಒಂದು ಪದದೊಳಗೆ ನಾಲ್ಕೈದು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಗ್ರಂಥಾಲಯದ ಪ್ರತಿಯನ್ನು ನೇರವಾಗಿ ತಟ್ಟುವುದು ಮುಖ್ಯವಾಗಿ ಒಂದೇ: ರಾಜ್ಯ ಸರ್ಕಾರ ಹೊರಡಿಸುವ ಮುಟ್ಟುಗೋಲು ಅಧಿಸೂಚನೆ. 2024ರ ಜುಲೈ 1ಕ್ಕೆ ಮುಂಚೆ ಇದು ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಡಿ ಆಗುತ್ತಿತ್ತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಂ. ಹಳೆಯ ಅಧಿಸೂಚನೆಗಳಲ್ಲಿ ಹಳೆಯ ನಂಬರೇ ಇರುತ್ತದೆ, ಗಾಬರಿ ಬೇಡ. ಪುಸ್ತಕದಲ್ಲಿರುವ ವಿಷಯವು ಕೆಲವು ನಿರ್ದಿಷ್ಟ ಅಪರಾಧಗಳ ವ್ಯಾಪ್ತಿಗೆ ಬರುತ್ತದೆ ಎಂದು ಸರ್ಕಾರಕ್ಕೆ ಕಂಡರೆ ಮಾತ್ರ ಈ ಅಧಿಕಾರ. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು, ಧಾರ್ಮಿಕ ಭಾವನೆಗೆ ಬೇಕೆಂದೇ ಘಾಸಿ ಮಾಡುವುದು, ಅಶ್ಲೀಲತೆ, ದೇಶದ ಅಖಂಡತೆಗೆ ಧಕ್ಕೆ ತರುವುದು, ಇಂಥವು. ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 152, 196, 197, 294, 295 ಮತ್ತು 299ನೇ ಕಲಮುಗಳು.

ಅಧಿಸೂಚನೆ ಕೈಗೆ ಬಂದರೆ ನಾಲ್ಕು ಸಂಗತಿ ನೋಡಿ. ಹೊರಡಿಸಿದ್ದು ಸರ್ಕಾರವೇ, ಅಂದರೆ ಸಾಮಾನ್ಯವಾಗಿ ಒಳಾಡಳಿತ ಇಲಾಖೆಯೇ? ರಾಜ್ಯಪತ್ರದಲ್ಲಿ ಪ್ರಕಟವಾಗಿದೆಯೇ, ಯಾವ ತಾರೀಖು? ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು ನಿಮ್ಮ ಪ್ರತಿಗೆ ಹೊಂದುತ್ತವೆಯೇ? ಸರ್ಕಾರ ತನ್ನ ಅಭಿಪ್ರಾಯಕ್ಕೆ ಆಧಾರ ಏನೆಂದು ಬರೆದಿದೆಯೇ? ಈ ಕೊನೆಯದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಕಲಮಿನ ಜೀವ ಇರುವುದೇ ಅದರಲ್ಲಿ. ಹರ್ನಾಮ್ ದಾಸ್ ಮೊಕದ್ದಮೆಯಲ್ಲಿ 1961ರಲ್ಲಿ ಸುಪ್ರೀಂ ಕೋರ್ಟು, ಆಧಾರವನ್ನು ಹೇಳದ ಮುಟ್ಟುಗೋಲು ಆದೇಶ ನಿಲ್ಲುವುದಿಲ್ಲ ಎಂದು ರದ್ದು ಮಾಡಿತು. ಜಿಲ್ಲಾಧಿಕಾರಿ, ಎಸ್‌ಪಿ, ತಹಶೀಲ್ದಾರ್, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇವರಲ್ಲಿ ಯಾರಿಗೂ 98ರ ಅಧಿಕಾರ ಇಲ್ಲ. ಶಾಂತಿಭಂಗದ ತುರ್ತು ಇದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರು ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ (ಹಳೆಯ 144) ತಾತ್ಕಾಲಿಕ ಆದೇಶ ಕೊಡಬಹುದು. ಅದೂ ಲಿಖಿತವಾಗಿಯೇ ಇರಬೇಕು, ಸರ್ಕಾರ ವಿಸ್ತರಿಸದಿದ್ದರೆ ಎರಡು ತಿಂಗಳಿಗೆ ಮುಗಿಯುತ್ತದೆ.

ಒಂದು ಎಚ್ಚರಿಕೆ. ಮುಟ್ಟುಗೋಲಾದ ಪ್ರತಿಯನ್ನು ಪೊಲೀಸರು ಭಾರತದಲ್ಲಿ ಎಲ್ಲಿ ಕಂಡರೂ ವಶಪಡಿಸಿಕೊಳ್ಳಬಹುದು ಎಂದು ಕಲಂ ಹೇಳುತ್ತದೆ. ಹಾಗಾಗಿ “ಅದು ಬೇರೆ ರಾಜ್ಯದ ಆದೇಶ, ನಮಗೇನು” ಎಂದು ತಳ್ಳಿಹಾಕಬೇಡಿ. 2025ರ ಆಗಸ್ಟ್ 5ರಂದು ಜಮ್ಮು ಮತ್ತು ಕಾಶ್ಮೀರದ ಗೃಹ ಇಲಾಖೆ ಇದೇ 98ನೇ ಕಲಮಿನಡಿ ಒಂದೇ ಆದೇಶದಲ್ಲಿ 25 ಪುಸ್ತಕಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ದೊಡ್ಡ ಪ್ರಕಾಶಕರ, ಎಲ್ಲ ಕಡೆ ಸಿಗುವ ಪುಸ್ತಕಗಳೂ ಅದರಲ್ಲಿ ಇದ್ದವು.

ಉಳಿದವು ಬೇರೆಯೇ ಬಗೆಯವು. ಪ್ರಕಾಶಕರು ತಾವಾಗಿ ಹಿಂತೆಗೆದುಕೊಂಡರೆ ಅದು ನಿಷೇಧವಲ್ಲ. ವೆಂಡಿ ಡೊನಿಗರ್ ಅವರ ಹಿಂದೂಗಳ ಕುರಿತ ಪುಸ್ತಕವನ್ನು ಪೆಂಗ್ವಿನ್ 2014ರಲ್ಲಿ ರಾಜಿ ಮಾಡಿಕೊಂಡು ಹಿಂಪಡೆದಾಗ ಗ್ರಂಥಾಲಯಗಳಲ್ಲಿದ್ದ ಪ್ರತಿಗಳಿಗೆ ಏನೂ ಆಗಬೇಕಿರಲಿಲ್ಲ. ಪಠ್ಯಕ್ರಮದಿಂದ ಕೈಬಿಟ್ಟರೂ ನಿಷೇಧವಲ್ಲ. ಮೈಸೂರಿನಲ್ಲಿ ಹುಟ್ಟಿದ ನಮ್ಮ ಎ. ಕೆ. ರಾಮಾನುಜನ್ ಅವರ ರಾಮಾಯಣಗಳ ಕುರಿತ ಪ್ರಬಂಧವನ್ನು 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಪಠ್ಯದಿಂದ ತೆಗೆಯಿತು. ಆ ಪ್ರಬಂಧ ಇರುವ ಪುಸ್ತಕವನ್ನು ಓದಲು, ಎರವಲು ಕೊಡಲು ಅದರಿಂದ ಅಡ್ಡಿಯಿಲ್ಲ. ಸಿವಿಲ್ ಕೋರ್ಟಿನ ತಡೆಯಾಜ್ಞೆ ಇನ್ನೊಂದು ಬಗೆ. ಅದು ಹೆಸರಿಸಿದ ಕಕ್ಷಿದಾರರನ್ನು ಕಟ್ಟಿಹಾಕುತ್ತದೆ, ಹೆಚ್ಚಿನ ಸಲ ತಾತ್ಕಾಲಿಕ. 2022ರ ನವೆಂಬರಿನಲ್ಲಿ ಟಿಪ್ಪುವನ್ನು ಕುರಿತ ಒಂದು ಕನ್ನಡ ನಾಟಕದ ಪುಸ್ತಕದ ಮಾರಾಟಕ್ಕೆ ಬೆಂಗಳೂರಿನ ಕೋರ್ಟು ತಡೆ ಕೊಟ್ಟಿತು, ಮುಂದಿನ ತಿಂಗಳೇ ಅದು ತೆರವಾಯಿತು. ತಡೆಯ ಸುದ್ದಿ ಎಲ್ಲರಿಗೂ ನೆನಪಿರುತ್ತದೆ, ತೆರವಿನ ಸುದ್ದಿ ನೆನಪಿರುವುದಿಲ್ಲ. ಆಮದು ನಿಷೇಧವೂ ಬೇರೆ. ಅದು ಕಸ್ಟಮ್ಸ್ ಕಾಯ್ದೆಯ ಸಂಗತಿ, ಬಂದರಿನಲ್ಲಿ ತಡೆಯುವುದು. ಸಲ್ಮಾನ್ ರಶ್ದಿಯವರ ಕಾದಂಬರಿಗೆ 1988ರಲ್ಲಿ ಆದ ಆಮದು ನಿಷೇಧದ ಅಧಿಸೂಚನೆಯನ್ನು ದೆಹಲಿ ಹೈಕೋರ್ಟು ಕೇಳಿದಾಗ ಅಧಿಕಾರಿಗಳಿಗೆ ಅದರ ಪ್ರತಿಯೇ ಸಿಗಲಿಲ್ಲ. ಅಂಥದ್ದೊಂದು ಇಲ್ಲವೆಂದೇ ಭಾವಿಸಬೇಕಾಗುತ್ತದೆ ಎಂದು ಕೋರ್ಟು 2024ರ ನವೆಂಬರಿನಲ್ಲಿ ಪ್ರಕರಣ ಮುಗಿಸಿತು. ಮೂವತ್ತಾರು ವರ್ಷ ಜಗತ್ತೇ ಮಾತಾಡಿದ ನಿಷೇಧದ ಕಾಗದ ಕೇಳಿದಾಗ ಹೀಗಾಯಿತು. ಆದ್ದರಿಂದ ನಿಮ್ಮ ಕಾದಂಬರಿಯ ವಿಷಯದಲ್ಲೂ “ಎಲ್ಲರಿಗೂ ಗೊತ್ತು” ಎಂಬ ಮಾತಿಗೆ ಸಮಾಧಾನಪಡಬೇಡಿ. ಕಾಗದ ಕೇಳಿ.

ಕನ್ನಡದಲ್ಲೇ ನಿಜವಾಗಿ ಮುಟ್ಟುಗೋಲಾದ ಎರಡು ಪುಸ್ತಕಗಳನ್ನು ಗ್ರಂಥಾಲಯದವರು ತಿಳಿದಿರಲೇಬೇಕು. ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿ, ಅಕ್ಕನಾಗಮ್ಮನ ಚಿತ್ರಣದ ಕಾರಣಕ್ಕೆ. ಸರ್ಕಾರದ ಆದೇಶವನ್ನು ಸುಪ್ರೀಂ ಕೋರ್ಟು 2007ರಲ್ಲಿ ಎತ್ತಿಹಿಡಿಯಿತು. ಆ ಮೊಕದ್ದಮೆ ಕಾನೂನು ಪುಸ್ತಕಗಳಲ್ಲಿ ಕಾದಂಬರಿಕಾರರ ಹೆಸರಿನಲ್ಲಿಲ್ಲ, ಬರಗೂರು ರಾಮಚಂದ್ರಪ್ಪನವರ ಹೆಸರಿನಲ್ಲಿದೆ. ಇನ್ನೊಂದು ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’. ವಚನಗಳ ‘ಕೂಡಲಸಂಗಮದೇವ’ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದ್ದಕ್ಕೆ 1998ರಲ್ಲಿ ಮುಟ್ಟುಗೋಲಾಯಿತು, 2017ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ಉಳಿಸಿತು. ಕೋರ್ಟುಗಳು ಯಾವಾಗಲೂ ಪುಸ್ತಕದ ಪರವೇ ನಿಲ್ಲುತ್ತವೆ ಎಂದು ಯಾರಾದರೂ ಧೈರ್ಯ ಹೇಳಿದರೆ ಇವೆರಡನ್ನು ನೆನಪಿಡಿ. ಹಾಗೆಯೇ ಇದರ ಇನ್ನೊಂದು ಮಗ್ಗುಲನ್ನೂ: ಶಿವಾಜಿಯನ್ನು ಕುರಿತ ಜೇಮ್ಸ್ ಲೇನ್ ಪುಸ್ತಕದ ಮೇಲಿನ ಮಹಾರಾಷ್ಟ್ರದ ಮುಟ್ಟುಗೋಲನ್ನು ಬಾಂಬೆ ಹೈಕೋರ್ಟು ರದ್ದು ಮಾಡಿತು, 2010ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ಮಲಯಾಳಂ ಕಾದಂಬರಿ ‘ಮೀಶ’ವನ್ನು ನಿಷೇಧಿಸಿ ಎಂಬ ಅರ್ಜಿಯನ್ನು 2018ರಲ್ಲಿ ತಳ್ಳಿಹಾಕುವಾಗ, ಎಲ್ಲೋ ಒಂದು ತುಣುಕನ್ನು ಕಿತ್ತು ಓದಬಾರದು, ಇಡೀ ಕೃತಿಯನ್ನು ಓದಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಮೊಬೈಲಿನ ಎರಡು ಪುಟಗಳಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ನಿಮ್ಮ ಪುಸ್ತಕ ಬ್ಯಾನ್ ಆಗಿದೆಯೇ ಎಂದು ತಿಳಿಯಲು ಮೊದಲು ಹೇಳಿದವರನ್ನೇ ಕೇಳಿ: “ಅಧಿಸೂಚನೆಯ ಸಂಖ್ಯೆ, ದಿನಾಂಕ ಕೊಡಿ, ಈ ಕೂಡಲೇ ನೋಡುತ್ತೇನೆ.” ಸಿಗದಿದ್ದರೆ ಪಿಡಿಒ ಮೂಲಕ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೂ ಒಳಾಡಳಿತ ಇಲಾಖೆಗೂ ಪತ್ರ ಬರೆಯಿಸಿ. ಜೊತೆಗೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕುವುದು ಒಳ್ಳೆಯದು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಅರ್ಜಿ ಒಂದೇ ವಿಷಯಕ್ಕೆ, 150 ಪದಗಳ ಒಳಗೆ, ಉತ್ತರಕ್ಕೆ 30 ದಿನ. “ಈ ಪುಸ್ತಕ ನಿಷೇಧವಾಗಿದೆಯೇ?” ಎಂದು ಕೇಳಿದರೆ ಅದು ಅಭಿಪ್ರಾಯ ಕೇಳಿದಂತೆ, ಹಿಂದಿರುಗಿಸುತ್ತಾರೆ. “ಈ ಹೆಸರಿನ, ಈ ಲೇಖಕರ ಪುಸ್ತಕಕ್ಕೆ ಸಂಬಂಧಿಸಿ ದಂ.ಪ್ರ.ಸಂ. 95 ಅಥವಾ ಭಾ.ನಾ.ಸು.ಸಂ. 98ರಡಿ ಹೊರಡಿಸಿದ ಅಧಿಸೂಚನೆ ಇದ್ದರೆ ಅದರ ಪ್ರತಿ ಒದಗಿಸಿ” ಎಂದು ದಾಖಲೆಯನ್ನೇ ಕೇಳಿ. ವಾಟ್ಸಾಪ್‌ನಲ್ಲಿ ಓಡಾಡುವ “ನಿಷೇಧಿತ ಪುಸ್ತಕಗಳ ಪಟ್ಟಿ” ಅಧಿಸೂಚನೆಯಲ್ಲ. ಅಂಥ ಪಟ್ಟಿಗಳಲ್ಲಿ ಎಂದೋ ಪಠ್ಯದಿಂದ ಬಿಟ್ಟದ್ದು, ಪ್ರಕಾಶಕರು ನಿಲ್ಲಿಸಿದ್ದು, ಯಾರೋ ಬೈದದ್ದು ಎಲ್ಲ ಒಟ್ಟಿಗೆ ಕಲಸಿರುತ್ತವೆ.

ಉತ್ತರ ಬರುವವರೆಗೆ ಪುಸ್ತಕ ಅದರ ಜಾಗದಲ್ಲೇ ಇರಲಿ.

ಈಗ “ಒಳಗಿಟ್ಟುಬಿಡಮ್ಮ” ಎಂಬ ಸಲಹೆ. ಅದು ನಿಮಗೆ ಏಕೆ ಅಪಾಯ ಎಂಬುದನ್ನು ಪರಿಗ್ರಹಣ ವಹಿ (ಬಂದ ಪ್ರತಿ ಪುಸ್ತಕವನ್ನೂ ಸಂಖ್ಯೆ ಕೊಟ್ಟು ಬರೆದಿಡುವ ವಹಿ) ತೆರೆದು ನೋಡಿ. ನಿಮ್ಮ ಕಾದಂಬರಿಯ ಸಂಖ್ಯೆ 4127 ಎನ್ನೋಣ. ಆ ಸಾಲಿನಲ್ಲಿ ದಿನಾಂಕ, ಲೇಖಕ, ಹೆಸರು, ಪ್ರಕಾಶಕ, ವರ್ಷ, ಪುಟ, ಬೆಲೆ, ಎಲ್ಲಿಂದ ಬಂತು, ಕೊನೆಯಲ್ಲಿ ಷರಾ ಕಾಲಂ. ಪುಸ್ತಕ ಬೀರುವಿನೊಳಗೆ ಹೋಗಿದೆ, ಷರಾ ಖಾಲಿ. ಎರಡು ವರ್ಷ ಕಳೆದು ನೀವು ವರ್ಗವಾಗುತ್ತೀರಿ ಅಥವಾ ಅಧ್ಯಕ್ಷರು ಬದಲಾಗುತ್ತಾರೆ. ಪರಿಶೀಲನೆಗೆ ಬಂದವರ ಪಾಲಿಗೆ 4127 ಕಳೆದುಹೋದ ಪುಸ್ತಕ, ಕಳೆದವರು ನೀವು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ (2017, ನಿಯಮ 215) ಈ ಲೆಕ್ಕ ಸ್ಪಷ್ಟವಾಗಿದೆ: 20,000 ಪುಸ್ತಕಗಳವರೆಗಿನ ಗ್ರಂಥಾಲಯಕ್ಕೆ ಪ್ರತಿ ವರ್ಷ ಪೂರ್ತಿ ಭೌತಿಕ ಪರಿಶೀಲನೆ. ಎರವಲು ಕೊಟ್ಟ ಅಥವಾ ಓದಲು ಬಳಸಿದ ಪ್ರತಿ ಸಾವಿರಕ್ಕೆ ಐದು ಪುಸ್ತಕಗಳ ನಷ್ಟವನ್ನು ಸಹಜವೆಂದು ಒಪ್ಪಬಹುದು, ಆದರೆ ಅದು ಅಪ್ರಾಮಾಣಿಕತೆಯಿಂದಲೋ ನಿರ್ಲಕ್ಷ್ಯದಿಂದಲೋ ಆಗಿರಬಾರದು. ಪಂಚಾಯಿತಿ ಗ್ರಂಥಾಲಯಕ್ಕೆ ಆ ನಿಯಮ ನೇರವಾಗಿ ಅನ್ವಯಿಸದು. ಆದರೂ ನಿಮ್ಮ ಲೆಕ್ಕ ನೋಡುವವರು ಕೇಳುವ ಪ್ರಶ್ನೆ ಇದೇ. ಬಚ್ಚಿಡು ಎಂದವರು ಆ ದಿನ ಬಂದು “ನಾನೇ ಹೇಳಿದ್ದೆ” ಎನ್ನುವುದಿಲ್ಲ. ಅಧ್ಯಕ್ಷರು ಒತ್ತಾಯಿಸಿದರೆ ವಿನಯದಿಂದಲೇ “ಸಾರ್, ಒಂದು ಸಾಲು ಬರೆದುಕೊಡಿ, ಕಾರಣ ಸಮೇತ” ಎನ್ನಿ. ಬರೆಯಬೇಕಾಗಿ ಬಂದಾಗ ಅನೇಕ ಆದೇಶಗಳು ಅಲ್ಲಿಗೇ ನಿಲ್ಲುತ್ತವೆ.

ಪುಟ ಹರಿಯುವುದು, ಸಾಲುಗಳ ಮೇಲೆ ಶಾಯಿ ಬಳಿಯುವುದು, ಎರಡು ಹಾಳೆ ಸೇರಿಸಿ ಅಂಟು ಹಚ್ಚುವುದು ಇವನ್ನೂ ರಾಜಿಯ ಮಾರ್ಗ ಎಂದು ಮಾಡುವವರಿದ್ದಾರೆ. ಅದು ಸಾರ್ವಜನಿಕ ಸ್ವತ್ತನ್ನು ಕೆಡಿಸಿದಂತೆ. ಹರಿದ ಪುಸ್ತಕವನ್ನು ಆಮೇಲೆ ಯಾವ ಸಮಿತಿಯೂ ಸರಿಯಾಗಿ ಓದಿ ತೀರ್ಮಾನಿಸಲಾರದು.

ಬಂದ ಏಳೆಂಟು ಜನರ ಜೊತೆ ಹೇಗೆ ನಡೆದುಕೊಳ್ಳಬೇಕು? ಅವರಿಗೆ ದೂರು ಕೊಡುವ ಹಕ್ಕಿದೆ, ಅದನ್ನು ಮನಸಾರೆ ಒಪ್ಪಿಕೊಳ್ಳಿ. ಕೂರಿಸಿ, ನೀರು ಕೊಡಿ, ಕೇಳಿಸಿಕೊಳ್ಳಿ, ವಾದ ಮಾಡಬೇಡಿ. ಆಮೇಲೆ ಒಂದು ಹಾಳೆಯ ದೂರು ನಮೂನೆ ಮುಂದಿಡಿ. ಅಮೆರಿಕದ ಗ್ರಂಥಾಲಯಗಳಲ್ಲಿ ಮರುಪರಿಶೀಲನಾ ಅರ್ಜಿ ಎಂಬುದು ಬಹಳ ಕಾಲದಿಂದ ಬಳಕೆಯಲ್ಲಿದೆ, ಅದನ್ನು ನಮ್ಮ ರೀತಿಗೆ ಹೊಂದಿಸಿಕೊಂಡರೆ ಸಾಕು. ಅದರಲ್ಲಿ ಇರಬೇಕಾದ್ದು: ದೂರುದಾರರ ಹೆಸರು, ವಿಳಾಸ, ಸಹಿ, ಪುಸ್ತಕದ ಹೆಸರು, ಲೇಖಕರು, ಪರಿಗ್ರಹಣ ಸಂಖ್ಯೆ, ಪುಸ್ತಕವನ್ನು ಪೂರ್ತಿ ಓದಿದ್ದೀರಾ, ಇಲ್ಲವಾದರೆ ಯಾವ ಭಾಗ, ಆಕ್ಷೇಪ ಇರುವ ಪುಟ ಮತ್ತು ಸಾಲು, ಆಕ್ಷೇಪಕ್ಕೆ ಕಾರಣ, ಏನು ಮಾಡಬೇಕೆಂದು ಬಯಸುತ್ತೀರಿ, ಇದೇ ವಿಷಯದ ಮೇಲೆ ಗ್ರಂಥಾಲಯ ತರಿಸಬೇಕಾದ ಬೇರೆ ಪುಸ್ತಕ ಯಾವುದು. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಕಪಾಟಿನಲ್ಲಿ ತಮ್ಮ ಮಾತಿಗೂ ಜಾಗವಿದೆ ಎಂದು ತಿಳಿದಾಗ ಅರ್ಧ ಸಿಟ್ಟು ಇಳಿಯುತ್ತದೆ. ನಮೂನೆಗೆ ಕ್ರಮಸಂಖ್ಯೆ ಹಾಕಿ, ಸ್ವೀಕೃತಿ ಚೀಟಿ ಕೊಡಿ, ನಕಲನ್ನು ಅದೇ ದಿನ ಪಿಡಿಒಗೆ ಕಳಿಸಿ. “ಈ ಪುಸ್ತಕ ಯಾರು ಯಾರು ಒಯ್ದಿದ್ದಾರೆ ತೋರಿಸಿ” ಎಂದರೆ ಎರವಲು ವಹಿಯನ್ನು ತೋರಿಸಲೇಬೇಡಿ. ಹೆಸರು ಹೊರಬಿದ್ದರೆ ಜಗಳ ಪುಸ್ತಕವನ್ನು ಬಿಟ್ಟು ಓದುಗರ ಮನೆಬಾಗಿಲಿಗೆ ಹೋಗುತ್ತದೆ.

ತೀರ್ಮಾನ ನೀವೊಬ್ಬರೇ ಮಾಡಬೇಡಿ. ಪಂಚಾಯಿತಿ ಮಟ್ಟದ ಗ್ರಂಥಾಲಯ ಸಮಿತಿ ಇದ್ದರೆ ಅದರ ಮುಂದಿಡಿ. ಇಲ್ಲವಾದರೆ ನೀವು, ಪಿಡಿಒ, ಪ್ರೌಢಶಾಲೆಯ ಕನ್ನಡ ಮೇಷ್ಟ್ರು, ನಿಯಮಿತವಾಗಿ ಬರುವ ಇಬ್ಬರು ಓದುಗರು, ಅವರಲ್ಲಿ ಒಬ್ಬರು ಮಹಿಳೆ, ಹೀಗೆ ಐದು ಜನರ ಗುಂಪನ್ನು ಪಂಚಾಯಿತಿ ನಡಾವಳಿಯ ಮೂಲಕ ಮಾಡಿಸಿ. ಎಲ್ಲರೂ ಪುಸ್ತಕವನ್ನು ಪೂರ್ತಿ ಓದಬೇಕು. ಒಂದೇ ಪ್ರತಿ ಇದ್ದರೆ ಒಬ್ಬೊಬ್ಬರಿಗೆ ನಾಲ್ಕು ದಿನದಂತೆ ಇಪ್ಪತ್ತು ದಿನ, ಚರ್ಚೆಗೆ ಒಂದು ದಿನ, ಒಟ್ಟು ಒಂದು ತಿಂಗಳೊಳಗೆ ಮುಗಿಯುತ್ತದೆ. ಸಮಿತಿಯವರು ಒಯ್ದದ್ದನ್ನೂ ಎರವಲು ವಹಿಯಲ್ಲಿ ಬರೆಯಿರಿ, ಇಲ್ಲವಾದರೆ ಪುಸ್ತಕ ಅಲ್ಲೇ ಎಲ್ಲೋ ಉಳಿದುಬಿಡುತ್ತದೆ. ಸಮಿತಿ ನೋಡಬೇಕಾದ್ದು ಪುಸ್ತಕ ಇಷ್ಟವಾಯಿತೇ ಎಂಬುದನ್ನಲ್ಲ. ಇದು ಮುಟ್ಟುಗೋಲಾಗಿದೆಯೇ, ಗ್ರಂಥಾಲಯಕ್ಕೆ ಸರಿಯಾದ ದಾರಿಯಲ್ಲಿ ಬಂದಿದೆಯೇ, ಇಟ್ಟಿರುವ ಕಪಾಟು ಸರಿಯೇ, ಇಷ್ಟು ಮಾತ್ರ. ನಿಮ್ಮ ಪುಸ್ತಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಬಂದಿದ್ದರೆ ಅದನ್ನು ರಾಜ್ಯಮಟ್ಟದ ಆಯ್ಕೆ ಸಮಿತಿ ಒಮ್ಮೆ ನೋಡಿಯಾಗಿದೆ. ಆ ಸಂಗತಿಯನ್ನು ನಡಾವಳಿಯಲ್ಲಿ ಬರೆಸಿ, ತೂಕ ಬರುತ್ತದೆ. ಉತ್ತರ ದೂರುದಾರರಿಗೆ ಲಿಖಿತವಾಗಿ ಹೋಗಲಿ, ಒಪ್ಪದಿದ್ದರೆ ಯಾರಿಗೆ ಮೇಲ್ಮನವಿ ಎಂಬುದೂ ಅದರಲ್ಲಿರಲಿ.

ತಾಲ್ಲೂಕು ಕಚೇರಿಯಲ್ಲೋ ಠಾಣೆಯಲ್ಲೋ “ಶಾಂತಿ ಸಭೆ” ಕರೆದು ಮುಚ್ಚಳಿಕೆ ಬರೆಸಿಕೊಳ್ಳಲು ನೋಡಬಹುದು. ಇಲ್ಲಿ ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರ ಪ್ರಕರಣ ನೆರವಿಗೆ ಬರುತ್ತದೆ. 2015ರ ಜನವರಿಯಲ್ಲಿ ತಮಿಳುನಾಡಿನ ನಾಮಕ್ಕಲ್‌ನಲ್ಲಿ ಅಧಿಕಾರಿಗಳ ಮುಂದೆ ನಡೆದ ಸಭೆಯಲ್ಲಿ ಅವರಿಂದ ಕ್ಷಮಾಪಣೆ, ಪುಸ್ತಕ ಹಿಂತೆಗೆತ ಎಲ್ಲವನ್ನೂ ಒಪ್ಪಿಸಲಾಯಿತು. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಆ ಒಪ್ಪಂದಕ್ಕೆ ಬದ್ಧಗೊಳಿಸುವ ಬಲವಿಲ್ಲ ಎಂದಿತು. ಸಭೆಗೆ ಕರೆದರೆ ಒಬ್ಬರೇ ಹೋಗಬೇಡಿ, ಪಿಡಿಒ ಜೊತೆಗಿರಲಿ, ಸಹಿ ಮಾಡುವ ಮುನ್ನ ನಕಲು ಕೇಳಿ. ಗುಂಪು ನುಗ್ಗುವ ಸೂಚನೆ ಇದ್ದರೆ 112ಕ್ಕೆ ಕರೆ ಮಾಡಿ, ಬಾಗಿಲಲ್ಲಿ ಅಡ್ಡ ನಿಲ್ಲಬೇಡಿ. ಜೀವ ಮುಖ್ಯ, ಆ ಪ್ರತಿ ಹೋದರೆ ಇನ್ನೊಂದು ತರಿಸಬಹುದು.

ನಿಮ್ಮ ಮೇಲೆ ಕೇಸಿನ ಭಯ. ನ್ಯಾಯ ಸಂಹಿತೆಯ 196 (ಗುಂಪುಗಳ ನಡುವೆ ದ್ವೇಷ) ಮತ್ತು 299ರಲ್ಲಿ (ಧಾರ್ಮಿಕ ಭಾವನೆಗೆ ಘಾಸಿ) ಉದ್ದೇಶವೇ ಮುಖ್ಯ. 299ರ ಮಾತಂತೂ ಬೇಕೆಂದೇ, ದುರುದ್ದೇಶದಿಂದ ಮಾಡಿರಬೇಕು ಎಂದು. ಲೇನ್ ಮೇಲಿನ ಕ್ರಿಮಿನಲ್ ಕೇಸನ್ನು ಸುಪ್ರೀಂ ಕೋರ್ಟು 2007ರಲ್ಲಿ ರದ್ದು ಮಾಡಿದ್ದೂ ಉದ್ದೇಶ ಇಲ್ಲವೆಂಬ ಕಾರಣಕ್ಕೆ. ಈ ಕಲಮುಗಳಡಿ ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ನಾಗರಿಕ ಸುರಕ್ಷಾ ಸಂಹಿತೆಯ 217ನೇ ಕಲಮಿನ ಪ್ರಕಾರ ಸರ್ಕಾರದ ಮುಂಚಿನ ಅನುಮತಿಯೂ ಬೇಕು. ಸರ್ಕಾರವೇ ಕೊಂಡು ಕಳಿಸಿದ, ಮುಟ್ಟುಗೋಲಾಗದ ಪುಸ್ತಕವನ್ನು ವಹಿಯಲ್ಲಿ ಬರೆದು ಓದುಗರಿಗೆ ಕೊಟ್ಟವರಲ್ಲಿ ಅಂಥ ಉದ್ದೇಶ ತೋರಿಸುವುದು ಸುಲಭವಲ್ಲ. ಪೊಲೀಸರು ಬಂದು ಪ್ರತಿಯನ್ನು ಕೇಳಿದರೆ ತಡೆಯಬೇಡಿ. ಯಾವ ಕಲಮಿನಡಿ ಎಂದು ಕೇಳಿ, ಮಹಜರಿನಲ್ಲಿ ಪರಿಗ್ರಹಣ ಸಂಖ್ಯೆ ಬರೆಸಿ, ನಕಲು ತೆಗೆದುಕೊಳ್ಳಿ. ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣವನ್ನು ಕಡ್ಡಾಯ ಮಾಡಿದೆ.

ಅಧಿಸೂಚನೆ ನಿಜವೆಂದು ಖಚಿತವಾದರೆ ಅದೇ ದಿನ ಎರವಲು ನಿಲ್ಲಿಸಿ, ಹೊರಗಿರುವ ಪ್ರತಿಗಳನ್ನು ವಾಪಸು ಪಡೆಯಿರಿ, ಪಿಡಿಒ ಮೂಲಕ ರಸೀದಿ ಪಡೆದು ಒಪ್ಪಿಸಿ. ಸುಡುವುದು, ರದ್ದಿಗೆ ಹಾಕುವುದು ಬೇಡ. ಅದೀಗ ಸರ್ಕಾರದ ಸ್ವತ್ತು. ಷರಾ ಕಾಲಮಿನಲ್ಲಿ “ಅಧಿಸೂಚನೆ ಸಂಖ್ಯೆ ಇಂಥದು, ದಿನಾಂಕ ಇಂಥದು, ಮುಟ್ಟುಗೋಲು, ಇಂಥ ದಿನ ಒಪ್ಪಿಸಿದೆ” ಎಂದು ಕೆಂಪು ಶಾಯಿಯಲ್ಲಿ ಬರೆಯಿರಿ. ಪರಿಗ್ರಹಣ ಸಂಖ್ಯೆಯನ್ನು ಬೇರೆ ಪುಸ್ತಕಕ್ಕೆ ಕೊಡಬೇಡಿ, ಸೂಚಿಯ ಕಾರ್ಡನ್ನು ಕೀಳಬೇಡಿ. ಆಸಕ್ತಿಯುಳ್ಳ ಯಾರೇ ಆದರೂ ರಾಜ್ಯಪತ್ರದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ ಅದೇ ಸಂಹಿತೆಯ 99ನೇ ಕಲಮಿನಡಿ ಹೈಕೋರ್ಟಿಗೆ ಹೋಗಬಹುದು, ಮೂವರು ನ್ಯಾಯಮೂರ್ತಿಗಳ ಪೀಠ ಕೇಳುತ್ತದೆ. ಅಲ್ಲಿ ರದ್ದಾದರೆ ಪುಸ್ತಕ ಮತ್ತೆ ಅದೇ ಸಾಲಿಗೆ ಬರಬೇಕು.

ಆ ತಾಯಿಯ ದೂರು ಬೇರೆ ಬಗೆಯದು, ಅದನ್ನು ಈ ಗಲಾಟೆಗೆ ಸೇರಿಸಬೇಡಿ. ಮಕ್ಕಳ ವಯಸ್ಸು ನೋಡಿ ಪುಸ್ತಕ ಇಡುವುದು ಸೆನ್ಸಾರ್ ಅಲ್ಲ, ಅದು ನಮ್ಮ ಕೆಲಸವೇ. ಪುಸ್ತಕ ತರಿಸಿ ಓದಿ ನೋಡಿ. ದೊಡ್ಡವರಿಗೆಂದು ಬರೆದದ್ದು ಮಕ್ಕಳ ಕಪಾಟಿಗೆ ತಪ್ಪಿ ಸೇರಿದ್ದರೆ ಕಾದಂಬರಿ ವಿಭಾಗಕ್ಕೆ ವರ್ಗಾಯಿಸಿ, ಷರಾದಲ್ಲಿ ಬರೆಯಿರಿ, ಮುಗಿಯಿತು. ಪುಸ್ತಕದ ಬೆನ್ನಿಗೆ ಬಣ್ಣದ ಪಟ್ಟಿ ಅಂಟಿಸಿದರೆ ಮುಂದೆ ಹೀಗಾಗುವುದು ತಪ್ಪುತ್ತದೆ: 5ನೇ ತರಗತಿವರೆಗೆ ಒಂದು ಬಣ್ಣ, 8ರವರೆಗೆ ಒಂದು, ಪ್ರೌಢಶಾಲೆಗೆ ಒಂದು. ಬಣ್ಣ ಸಲಹೆಯಷ್ಟೇ, ಬೇಲಿಯಲ್ಲ. ಆರನೇ ತರಗತಿಯ ಚುರುಕು ಹುಡುಗಿ ಮೇಲಿನ ಬಣ್ಣದ್ದನ್ನು ಕೇಳಿದರೆ ಕೊಡಿ. ಆದರೆ ಮುಟ್ಟಾಗುವುದು, ಮೈ ಬೆಳೆಯುವುದು, ಕೆಟ್ಟ ಸ್ಪರ್ಶ ಇವನ್ನು ತಿಳಿಸುವ ಪುಸ್ತಕ ಅದಾಗಿದ್ದರೆ ಎಂಟನೇ ತರಗತಿಯ ಹುಡುಗಿಗೆ ಅದು ಸರಿಯಾದ ಪುಸ್ತಕವೇ. ಅಶ್ಲೀಲತೆಯ 294ನೇ ಕಲಂ ಕೂಡ ವಿಜ್ಞಾನ, ಸಾಹಿತ್ಯ, ಕಲೆ, ಕಲಿಕೆಗಾಗಿ ಸಾರ್ವಜನಿಕ ಹಿತದಲ್ಲಿ ಇರುವುದನ್ನು ಹೊರಗಿಟ್ಟಿದೆ. ತಾಯಿಗೆ ತನ್ನ ಮಗಳ ಮೇಲೆ ಹಕ್ಕಿದೆ. “ಇಂಥದ್ದು ಕೊಡಬೇಡಿ” ಎಂದರೆ ಆ ಮಗುವಿನ ಕಾರ್ಡಿನಲ್ಲಿ ಗುರುತು ಹಾಕಿಕೊಳ್ಳಿ. ಊರಿನ ಉಳಿದ ಮಕ್ಕಳ ಪರವಾಗಿ ಅವರೊಬ್ಬರೇ ತೀರ್ಮಾನಿಸಲಾಗದು ಎಂಬುದನ್ನು ಮೆಲುದನಿಯಲ್ಲಿ ಹೇಳಿ. ಶಾಲೆಯಲ್ಲಿ ಇಂಥದೇ ದೂರು ಬಂದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದಿಡಲಿ. ಪ್ರತಿ ಶಾಲೆಯಲ್ಲೂ ಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕ ಸೇರಿ ಎಲ್ಲ ವಿಷಯಗಳ ಪುಸ್ತಕಗಳಿರುವ ಗ್ರಂಥಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಈ ಗಲಾಟೆ ತಣ್ಣಗಾದ ಮೇಲೆ ಮುಂದಿನ ವರ್ಷದ ಬೇಡಿಕೆ ಪಟ್ಟಿ ಬರೆಯಲು ಕೂತಾಗ ಕೈ ತಾನಾಗಿಯೇ ಹಿಂಜರಿಯುತ್ತದೆ. ಆ ಲೇಖಕರ ಇನ್ನೊಂದು ಪುಸ್ತಕ, ಆ ವಿಷಯದ ಮತ್ತೊಂದು ಪುಸ್ತಕ, “ಯಾಕೆ ಬೇಕು ತಲೆನೋವು” ಎಂದು ಬಿಟ್ಟುಹೋಗುತ್ತದೆ. ಹೀಗೆ ಬಿಟ್ಟದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೆ ದೂರೂ ಬರುವುದಿಲ್ಲ. ಓದುಗರು ಬೇಕೆಂದು ಕೇಳಿದ ಪುಸ್ತಕಗಳನ್ನು ಬರೆಯಲು ಮೇಜಿನ ಮೇಲೆ ಈಗಲೇ ಒಂದು ನೋಟ್‌ಬುಕ್ ಇಡಿ, ದಿನಾಂಕ ಹಾಕಿಸಿ. ಪಟ್ಟಿ ಸಿದ್ಧವಾದ ಮೇಲೆ ಆ ನೋಟ್‌ಬುಕ್ಕಿನ ಜೊತೆ ಒಂದೊಂದೇ ಸಾಲು ತಾಳೆ ನೋಡಿ, ಬಿಟ್ಟುಹೋದ ಪ್ರತಿಯೊಂದರ ಮುಂದೆ ಯಾಕೆ ಬಿಟ್ಟಿರಿ ಎಂದು ನಿಮ್ಮ ಕೈಯಾರೆ ಬರೆಯಿರಿ. ಬೆಲೆ ಹೆಚ್ಚು, ಮುದ್ರಣದಲ್ಲಿಲ್ಲ, ಪ್ರತಿ ಈಗಾಗಲೇ ಇದೆ, ಇವು ಕಾರಣಗಳು. ಇವಾವುದೂ ಅಲ್ಲವಾದರೆ ಆ ಪುಸ್ತಕವನ್ನು ಮತ್ತೆ ಪಟ್ಟಿಗೆ ಸೇರಿಸಿ, ಆಮೇಲೆ ಪಿಡಿಒ ಸಹಿಗೆ ಕಳಿಸಿ.